ಕೋಟೆದಿಬ್ಬದ ಕುರುಡಿಲಿ

ಬೆಟ್ಟ ಅಗೆದು ಇಲಿ ಹಿಡಿದರು ಅಂತ ಆಡಿಕೊಳ್ಳುವುದುಂಟು. ವೇಲ್ಸ್ ಗಡಿಯ ಪೆನ್ವರ್ಡನ್ ಊರಿನಲ್ಲಿ ವ್ಯವಹಾರ ತಿರುಗುಮುರುಗು. ಅಲ್ಲಿ ಅಗೆಯುವುದು ಇಲಿ, ಏನು ಸಿಗುತ್ತದೋ ಅಂತ ಬಾಯಿಬಿಟ್ಟುಕೊಂಡು ಕಾಯುವುದು ಮನುಷ್ಯರು.

ಒಂಬೈನೂರು ವರ್ಷದ ಹಿಂದೆ ಯಾವನೋ ನಾರ್ಮನ್ ದೊರೆ ವೇಲ್ಸಿನವರ ಕಾಟಕ್ಕೆ ಹೆದರಿ ಅಲ್ಲಿ, ಮಣ್ಣು ಪೇರಿಸಿ, ಅದರ ನೆತ್ತಿಯ ಮೇಲೆ ಮರದ ಕೋಟೆ ಕಟ್ಟಿಕೊಂಡಿದ್ದ. ಮರ ಎಂದೋ ಮಣ್ಣಾಯಿತು. ಈಗ ಉಳಿದಿರುವುದು ಬೋರಲು ಹಾಕಿದ ಬಟ್ಟಲಿನಂಥ ದಿಬ್ಬ, ಅದರ ಬುಡಕ್ಕೆ ಕಂದಕ, ಪಕ್ಕದಲ್ಲಿ ಏರಿ ಸುತ್ತಿದ ಅಂಗಳ, ಅಂಗಳದ ತುಂಬ ರೈತ ಡೆನ್ಜಿಲ್ ಗ್ವಿಲಿಯಮ್‌ನ ಕುರಿಗಳು. ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲಿ ಯಾರೂ ಸಲಿಕೆ ಊರುವ ಹಾಗಿಲ್ಲ. ಕುರುಡಿಲಿಗೆ ಮಾತ್ರ ಈ ಕಾನೂನು ಗೊತ್ತಿಲ್ಲ. ಅದು ನೆಲದಡಿ ಸುರಂಗ ಕೊರೆದು ಮಣ್ಣನ್ನು ಗುಪ್ಪೆ ಗುಪ್ಪೆಯಾಗಿ ಮೇಲಕ್ಕೆ ತಳ್ಳುತ್ತದೆ. ಹಾಗೆ ತಾನಾಗಿ ಮೇಲೆ ಬಂದ ಮಣ್ಣನ್ನು ಜರಡಿ ಹಿಡಿಯಲು ಪುರಾತತ್ವ ಇಲಾಖೆಯಿಂದ ಅಪ್ಪಣೆ ತಂದವಳು ಊರಿನ ಇತಿಹಾಸ ಸಂಘದ ಅಧ್ಯಕ್ಷೆ ಹೆಸ್ಟರ್ ಪ್ರೋಬರ್ಟ್. ಪ್ರತಿ ವಸಂತದಲ್ಲೂ ಸಂಘದ ಹೆಂಗಸರು ಅಲ್ಲಿ ಮೊಣಕಾಲೂರುತ್ತಾರೆ. ಈವರೆಗೆ ಸಿಕ್ಕಿದ್ದು ಅಂಗಿಯ ಗುಂಡಿ, ಮುರಿದ ಚಿಲುಮೆ, ಮತ್ತು ಖಜಾಂಚಿಯೇ ಬೀಳಿಸಿಕೊಂಡಿದ್ದ ಶ್ರವಣಯಂತ್ರ.

"ಕೋಟೆಯೂ ಇಲ್ಲ, ಗೀಟೆಯೂ ಇಲ್ಲ. ನಮ್ಮ ತಾತ ಕೆರೆ ಹೂಳೆತ್ತಿ ಸುರಿದ ರಾಶಿ ಅದು," ಅಂತ ಡೆನ್ಜಿಲ್ ಪಬ್ಬಿನಲ್ಲಿ ಕೂತು ಸಾರುತ್ತಿದ್ದ. ಹೆಸ್ಟರಳ ಕಿವಿ ಕೆಂಪಾಗುತ್ತಿತ್ತು.

ಆವತ್ತು ಬೆಳಿಗ್ಗೆ ಅವಳು ಜರಡಿಯನ್ನು ಎದೆಗವಚಿಕೊಂಡು ಅಡುಗೆಮನೆಗೆ ಓಡಿ ಬಂದಳು. ಗಂಡ ಆಲ್ವಿನ್, ಬಸ್ಸು ಓಡಿಸಿ ನಿವೃತ್ತನಾದವನು, ಟೋಸ್ಟ್ ಕಡಿಯುತ್ತಿದ್ದ.

"ನೋಡಿಲ್ಲಿ. ಬೂದಿ. ಸುಟ್ಟ ಮೂಳೆ. ನಾರ್ಮನ್ನರ ಅಡುಗೆಮನೆ ಸಿಕ್ತು ಕಣೋ. ಮ್ಯೂಸಿಯಮ್ಮಿಗೆ ಫೋನ್ ಮಾಡಿದೀನಿ, ಊಟ ಆದ್ಮೇಲೆ ಬರ್ತಾರಂತೆ. ಡೆನ್ಜಿಲ್‌ಗೂ ಬಾ ಅಂದಿದೀನಿ. ಬರ್ಲಿ, ತಾತನ ರಾಶಿ ನೋಡ್ಲಿ."

ಆಲ್ವಿನ್ ಟೋಸ್ಟನ್ನು ತಟ್ಟೆಗೆ ಇಳಿಸಿದ. ಯಾಕೆಂದರೆ ಆ ಬೂದಿ ಯಾವ ನಾರ್ಮನ್ನರದೂ ಅಲ್ಲ. ಅದು ಟಿಂಕರ್.

ಟಿಂಕರ್ ಅವರ ನಾಯಿ. ಆ ಕುರುಡಿಲಿಯನ್ನು ಹಿಡಿಯುವುದೇ ಜನ್ಮದ ಗುರಿ ಅಂತ ದಿಬ್ಬ ಕೆರೆದೂ ಕೆರೆದೂ ಹೆಸ್ಟರಳಿಂದ ಬೈಸಿಕೊಳ್ಳುತ್ತಿದ್ದ, ಒಮ್ಮೆಯೂ ಹಿಡಿಯಲಿಲ್ಲ. ಚಳಿಗಾಲದಲ್ಲಿ ಸತ್ತ. ಸುಟ್ಟು ತಂದ ಬೂದಿಯನ್ನು ಹೆಸ್ಟರ್ ಗಡಿಗೆಯಲ್ಲಿಟ್ಟು ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಗಡಿಯಾರದ ಪಕ್ಕ ಕೂರಿಸಿದಳು. ಒಂದು ಕ್ಷಣ ಕೂತಲ್ಲಿ ಕೂರದ ನಾಯಿ ಗಡಿಯಾರದ ಪಕ್ಕ ಕೂತಿರುವುದನ್ನು ನೋಡಲಾರದೆ ಒಂದು ದಿನ ಆಲ್ವಿನ್ ಹೆಸ್ಟರಳಿಗೆ ತಿಳಿಯದಂತೆ ಗಡಿಗೆ ಎತ್ತಿಕೊಂಡು ದಿಬ್ಬಕ್ಕೆ ಹೋದ. ಕನಸಿನಲ್ಲೂ ಕೆಂಪು ದೀಪ ದಾಟದ ಮನುಷ್ಯ, ಸಲಿಕೆ ಮುಟ್ಟಲಿಲ್ಲ. ಇಲಿಯೇ ತೋಡಿದ್ದ ಬಿಲಕ್ಕೆ ಬೂದಿಯನ್ನೂ, ಕತ್ತುಪಟ್ಟಿಯ ಹಿತ್ತಾಳೆ ಬಿಲ್ಲೆಯನ್ನೂ ಸುರಿದು ಬಂದ. ಬದುಕಿದ್ದಾಗ ನುಗ್ಗಲಾಗದ ಮನೆಗೆ ಸತ್ತ ಮೇಲಾದರೂ ನುಗ್ಗಲಿ ಅಂತ ಅವನ ಆಸೆ. ಗಡಿಗೆಗೆ ಒಲೆಯ ಬೂದಿ ತುಂಬಿಸಿಟ್ಟ. ಇಲಿ ಅಚ್ಚುಕಟ್ಟಿನ ಪ್ರಾಣಿ, ಮನೆ ಗುಡಿಸಿ ಅತಿಥಿಯನ್ನು ಆಚೆ ಹಾಕಿತ್ತು.

"ಹೆಸ್ಟರ್, ಆ ಬೂದಿ ಇದ್ಯಲ್ಲ..."

"ಕೈ ತೆಗಿ. ಜ್ಯಾಮ್ ಅಂಟಿಸ್ಬೇಡ."

ಅವಳು ಹಾಡು ಗುನುಗುತ್ತ ಒಳ್ಳೆಯ ಕೋಟು ಹುಡುಕತೊಡಗಿದಳು. ಚಳಿಗಾಲದಿಂದ ಈಚೆಗೆ ಅವಳ ಬಾಯಲ್ಲಿ ಹಾಡು ಬಂದಿದ್ದೇ ಇಲ್ಲ. ಹೇಳಿದರೆ ಆ ಹಾಡು ನಿಲ್ಲುತ್ತದೆ, ಹೇಳದಿದ್ದರೆ ಅವಳು ಊರ ಮುಂದೆ ನಗೆಪಾಟಲಾಗುತ್ತಾಳೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಹಾಗೆ ಆಲ್ವಿನ್ ಅವಳ ಹಿಂದೆ ದಿಬ್ಬ ಹತ್ತಿದ.

ಮ್ಯೂಸಿಯಮ್ಮಿನ ಡಾಕ್ಟರ್ ಸ್ಪರ್ಲಿಂಗ್, ಮಾತಿಗಿಂತ ಹೆಚ್ಚು ಸೀನುವ ಹೆಂಗಸು, ಮೂಳೆಚೂರಿಗೆ ಭೂತಗನ್ನಡಿ ಹಿಡಿದರು. ಟಿಂಕರ್‌ನನ್ನು ಸುಟ್ಟುಕೊಟ್ಟವನು ಮೂಳೆ ಪುಡಿ ಮಾಡುವುದರಲ್ಲಿ ಸೋಮಾರಿಯಾಗಿದ್ದ.

"ನಾಯಿ," ಅಂದರು. "ಚಿಕ್ಕದು. ವಯಸ್ಸಾಗಿತ್ತು."

"ದೊರೆಯ ಬೇಟೆನಾಯಿ," ಅಂದಳು ಹೆಸ್ಟರ್.

"ಅಡುಗೆಮನೇಲಿ ಸಿಕ್ಕಿದೆ ಅಂದ್ರೆ ತಿಂದಿರ್ಬೇಕು," ಅಂದ ಡೆನ್ಜಿಲ್, ದಿಬ್ಬದ ಅಂಚಿನಲ್ಲಿ ನಿಂತು ಫ್ಲಾಸ್ಕಿನ ಚಹಾ ಕುಡಿಯುತ್ತ.

"ಅವನನ್ನ ಯಾರೂ ತಿಂದಿಲ್ಲ," ಅಂದುಬಿಟ್ಟ ಆಲ್ವಿನ್. ಸಂಘದ ಹೆಂಗಸರೂ ಸೇರಿ ಎಲ್ಲರೂ ಅವನತ್ತ ತಿರುಗಿದರು.

"ಪೆಟ್ಟಿಗೆಗೆ ಹಾಕೋಣ. ನಂಬರ್ ಕೊಟ್ಟು ಉಗ್ರಾಣದಲ್ಲಿಡ್ತೀವಿ," ಅಂದರು ಡಾಕ್ಟರ್.

ಉಗ್ರಾಣದ ಕತ್ತಲಲ್ಲಿ ನಂಬರ್ ಹಚ್ಚಿಕೊಂಡ ಟಿಂಕರ್ ಕಣ್ಣಿಗೆ ಕಟ್ಟಿದ. ಇನ್ನು ತಡೆಯಲಾಗದು ಅಂತ ಆಲ್ವಿನ್ ಬಾಯಿ ತೆರೆದ. ಅಷ್ಟರಲ್ಲಿ ಹೆಸ್ಟರ್ ಕೊನೆಯ ಗುಪ್ಪೆಯಿಂದ ಏನೋ ಹೆಕ್ಕಿ ಹೆಬ್ಬೆರಳಿನಿಂದ ಉಜ್ಜಿದಳು. ಓದಿದಳು. ಅವಳ ಮುಖದ ಬಣ್ಣ ಇಳಿಯಿತು.

"ಏನದು, ನಾಣ್ಯವಾ?" ಡೆನ್ಜಿಲ್ ಕತ್ತು ಚಾಚಿದ.

ಹೆಸ್ಟರ್ ಮುಷ್ಟಿ ಮುಚ್ಚಿಕೊಂಡಳು. ಹಾಗೇ ಮುಚ್ಚಿಟ್ಟುಕೊಂಡಿದ್ದರೆ ಅವಳ ನಾರ್ಮನ್ ಅಡುಗೆಮನೆ ಉಳಿದುಬಿಡುತ್ತಿತ್ತು. ಅವಳು ಹಾಗೆ ಮಾಡಲಿಲ್ಲ.

"ಡಾಕ್ಟ್ರೇ, ಕ್ಷಮಿಸಿ. ಇದು ಹಳೇದಲ್ಲ. ನಮ್ಮನೆ ನಾಯಿ. ಪೆಟ್ಟಿಗೆ ಬೇಡ, ವಾಪಸ್ ಕೊಡಿ."

ಡೆನ್ಜಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತ ಒಂದು ಹೆಜ್ಜೆ ಹಿಂದಿಟ್ಟ, ಅಲ್ಲಿ ದಿಬ್ಬ ಮುಗಿದಿತ್ತು. ಫ್ಲಾಸ್ಕ್ ಸಮೇತ ಉರುಳಿ, ಕಂದಕದ ತಳದ ಕೆಸರಿಗೆ ಕೂತ. ಏಳಲು ನೋಡಿದ, ಜಾರಿದ, ಮತ್ತೆ ಕೂತ. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು; ಸಂಘದ ಹೆಂಗಸರು ಕಲ್ಲಿನ ಬದಲು ಒಂದೊಂದು ಸಲಹೆ ಎಸೆದರು.

"ಡೆನ್ಜಿಲ್," ಹೆಸ್ಟರ್ ಮೇಲಿನಿಂದ ಕೇಳಿದಳು, "ನಿಮ್ಮ ತಾತನ ರಾಶಿಗೆ ಕಂದಕ ಯಾಕೆ ಬೇಕಿತ್ತು?"

ಡಾಕ್ಟರ್ ಸೀನಿ, "ಕೋಟೆಯ ಇಳಿಜಾರು ಇನ್ನೂ ಚೆನ್ನಾಗಿ ಕೆಲಸ ಮಾಡ್ತಿದೆ," ಅಂತ ಬರೆದುಕೊಂಡರು.

ಮನೆಗೆ ಬಂದು ಹೆಸ್ಟರ್ ಬೂದಿಯಿದ್ದ ಜರಡಿಯನ್ನೂ ಬಿಲ್ಲೆಯನ್ನೂ ಮೇಜಿನ ಮೇಲಿಟ್ಟಳು. ಬಿಲ್ಲೆಯ ಮೇಲೆ ಟಿಂಕರ್ ಅಂತ ಹೆಸರು, ಕೆಳಗೆ ಅವರದೇ ಫೋನ್ ನಂಬರು.

"ಆ ಗಡಿಗೇಲಿ ಏನಿದೆ ಮತ್ತೆ?"

"ಒಲೆ ಬೂದಿ," ಅಂದ ಆಲ್ವಿನ್.

ಅವಳು ಗಡಿಗೆಯನ್ನೇ ದಿಟ್ಟಿಸಿದಳು. "ದಿನಾ ಬೆಳಿಗ್ಗೆ ಅದಕ್ಕೆ ಗುಡ್ ಮಾರ್ನಿಂಗ್ ಹೇಳ್ತಿದ್ದೆ ನಾನು."

"ನೀನಾ? ಯಾವಾಗ?"

"ನೀನು ಸ್ನಾನಕ್ಕೆ ಹೋದಾಗ. ಕೇಳಿಸ್ಕೊಂಡ್ರೆ ಅಳ್ತೀಯಾ ಅಂತ."

ಆಲ್ವಿನ್ ಅತ್ತೇಬಿಟ್ಟ. ಅವಳಿಗೆ ಆ ನಾಯಿ ಕಂಡರೆ ಆಗುವುದಿಲ್ಲ ಅಂತಲೇ ಅವನು ಇಷ್ಟು ವರ್ಷ ತಿಳಿದಿದ್ದ. ಒಲೆಯ ಬೂದಿಗೆ ಗುಡ್ ಮಾರ್ನಿಂಗ್ ಹೇಳಿದ್ದು ನೆನೆದು ಹೆಸ್ಟರ್‌ಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಆಮೇಲೆ ಮೂಗೊರೆಸಿಕೊಂಡು ಜರಡಿ ಎತ್ತಿಕೊಂಡಳು.

"ಏಳು, ವಾಪಸ್ ಅದೇ ಬಿಲಕ್ಕೆ ಹಾಕಿ ಬರೋಣ."

"ಇಲಿ ಮತ್ತೆ ಆಚೆ ಹಾಕುತ್ತೆ ಕಣೇ."

"ಹಾಕ್ಲಿ ಬಿಡು. ನಾವು ಮತ್ತೆ ಒಳಗೆ ಹಾಕೋಣ. ಅವ್ರಿಬ್ರ ಜಗಳ ಇನ್ನೂ ಮುಗಿದಿಲ್ವಲ್ಲ."

ಆಲ್ವಿನ್ ಬೂಟು ಹಾಕಿಕೊಂಡ. ಬಾಗಿಲ ಹಿಂದಿನ ಸಲಿಕೆ ಕಣ್ಣಿಗೆ ಬಿತ್ತು. ಅದನ್ನು ಅಲ್ಲಿಯೇ ಬಿಟ್ಟು ಹೊರಟ.