ಹೆಣ್ಣು ಕೇಳಲು ಹೋದ ಹುರಿಯೆ

ಉಪ್ಪು, ಅಯ್ಯೋ ದೇವರೇ, ಕಾಫಿಗೆ ಉಪ್ಪು, ಒಂದು ಹಿಡಿಯಾದರೂ ಸುರಿದಿದ್ದಾಳೆ ಈ ಹುಡುಗಿ, ಮುಖ ಕಿವುಚಬೇಡ ಹುರಿಯೆ, ನುಂಗು— ತಪ್ಪು ನನ್ನದೇ, ಟರ್ಕಿಯ ಈ ಗಿರೆಸುನ್ ಊರಲ್ಲಿ ಭಾನುವಾರ ಸಂಜೆ ಹೂವು, ಚಾಕೊಲೇಟ್ ಡಬ್ಬಿ ಹಿಡಿದು ವಯಸ್ಸಿಗೆ ಬಂದ ಮಗಳಿರೋ ಮನೆ ಬಾಗಿಲು ತಟ್ಟಿದರೆ ಇನ್ನೇನು ಅಂದುಕೊಂಡಾರು, ಯಾರೋ ವರನ ಸೋದರತ್ತೆ ಹೆಣ್ಣು ಕೇಳಲು ಬಂದಳು ಅಂತಲೇ, ಬರಿಗೈಲಿ ಹೋಗಬಾರದು ಅಂತ ತಂದಿದ್ದು ನಾನು, ವರನ ತಾಳ್ಮೆ ನೋಡೋಕೆ ಚಿಟಿಕೆ ಉಪ್ಪು ಹಾಕುವುದುಂಟು, ಈ ಹುಡುಗಿ ಬೆರ್ರಾಕ್ ಹಾಕಿರುವುದು ನನ್ನನ್ನು ಓಡಿಸಲಿಕ್ಕೆ, ಭೇಷ್ ಮಗಳೇ, ಆದರೆ ನಾನು ಓಡುವವಳಲ್ಲ, ಬಂದರಿನ ಹಿಂದಿನ ಬಯಲಲ್ಲಿ ಹುಡುಗರ ನಡುವೆ ನಿನ್ನ ಎಡಗಾಲು ನೋಡಿದ್ದೇನೆ, ತಳದ ಗಸಿವರೆಗೂ ಕುಡಿಯುತ್ತೇನೆ ನೋಡು, ಆಯ್ತು, ಬಟ್ಟಲು ಕೆಳಗಿಟ್ಟೆ. ಹುಡುಗ ಏನು ಕೆಲಸದಲ್ಲಿದ್ದಾನೆ ಅಕ್ಕಾ, ಕೇಳುತ್ತಿದ್ದಾನೆ ಅವಳಪ್ಪ ಇದ್ರಿಸ್, ಹುಡುಗ ಯಾರೂ ಇಲ್ಲ ತಮ್ಮಾ, ನಾನು ನಿನ್ನ ಮಗಳನ್ನ ನನ್ನ ತಂಡಕ್ಕೆ ಕೇಳೋಕೆ ಬಂದೆ, ಹುಡುಗಿಯರ ಫುಟ್‌ಬಾಲ್ ತಂಡಕ್ಕೆ, ನಾನೇ ಅದರ ಕೋಚ್.

ಅವನ ಹೆಂಡತಿ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು, ನಗುವೋ ಗಾಬರಿಯೋ, ಅವನ ಮುಖ ಮಾತ್ರ ಕಪ್ಪಿಟ್ಟಿತು, ಚಡ್ಡಿ ಹಾಕ್ಕೊಂಡು ಊರೆಲ್ಲ ನೋಡೋ ಹಾಗೆ ಓಡಬೇಕಾ ನನ್ನ ಮಗಳು, ಅಂತೀಯಲ್ಲ ಮಹಾಶಯ, ಗೋಡೆ ಮೇಲೆ ಊರ ತಂಡದ ಶಾಲು ತೂಗುಹಾಕಿದ್ದೀಯ— ಇದೇ ಮಾತು, ಇದೇ ದನಿ ನಮ್ಮಪ್ಪನದೂ, ನನ್ನ ಬೂಟು ಅಟ್ಟದ ಮೇಲೆ ಹೇಜಲ್‌ನಟ್ ಮೂಟೆಯೊಳಗೆ ಇರುತ್ತಿತ್ತು, ತೆಗೆದಾಗೆಲ್ಲ ಸಿಪ್ಪೆಯ ಧೂಳು, ಸೀನು, ಸೀನಿದರೆ ಅಪ್ಪನಿಗೆ ಕೇಳಿಸುತ್ತೆ ಅಂತ ಮೂಗು ಹಿಡಿದು ಕಿಟಕಿ ಹಾರುತ್ತೇನೆ, ಗೋಲು ಹೊಡೆಯುತ್ತೇನೆ, ಆಮೇಲೆ ಹೆಂಗಸರ ಲೀಗನ್ನೇ ನಿಲ್ಲಿಸಿಬಿಟ್ಟರು, ಕೇಳುವವರು ಯಾರು, ಹೇಜಲ್‌ನಟ್ ಕಾರ್ಖಾನೆಯಲ್ಲಿ ಕಾಯಿ ಆರಿಸುತ್ತ ನಿಂತೆ, ಬೆಳಗಾಗುವ ಮೊದಲು ಕಡಲ ರಸ್ತೆಯಲ್ಲಿ ಒಬ್ಬಳೇ ಓಟ, ಯಾತಕ್ಕೆ ಓಡ್ತೀಯೇ ಹುಚ್ಚಿ, ಅನ್ನೋರು ಜೊತೆ ಕೆಲಸದವರು, ಲೀಗ್ ಮತ್ತೆ ಶುರುವಾಗುತ್ತೆ, ಅಂತಿದ್ದೆ, ಆಗದಿದ್ರೆ, ಆಗುತ್ತೆ— ಆಯಿತು! ದೇಶದ ಕೆಂಪು ಅಂಗಿ ತೊಟ್ಟೆ, ತಲೆಯಿಂದ ಹೊಡೆದ ಆ ಗೋಲು, ಮಂಡಿ ಮುರಿದ ಸದ್ದು, ಎಲ್ಲ ಆಯಿತು, ಅಪ್ಪ ಮಾತ್ರ ಒಂದು ಪಂದ್ಯಕ್ಕೂ ಬರಲಿಲ್ಲ, ಒಂದಕ್ಕೂ. ಇವಳು ಕದ್ದು ಆಡಬಾರದು, ಬಾಗಿಲಿಂದ ಹೊರಟು ಬಾಗಿಲಿಂದಲೇ ಮನೆಗೆ ಬರಬೇಕು, ಹೂಂ ಅನ್ನಿಸದೆ ಈ ಸೋಫಾ ಬಿಟ್ಟು ಏಳಲ್ಲ, ಬೇಕಾದರೆ ಇನ್ನೊಂದು ಕಾಫಿ ತರಲಿ, ಉಪ್ಪು ಹಾಕಿಯೇ ತರಲಿ.

ಆಗಲ್ಲ ಅಕ್ಕಾ, ಬೇರೆ ಮನೆ ನೋಡಿ, ಎಂದ ಇದ್ರಿಸ್, ಅಡುಗೆಮನೆ ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡ ಬೆರ್ರಾಕ್ ಬಂದಳು, ಬಟ್ಟಲು ಎತ್ತಿ ತಟ್ಟೆಗಿಡುತ್ತಿದ್ದಾಳೆ, ಕಣ್ಣು ನನ್ನ ಮೇಲೆ, ತಟ್ಟೆ ವಾಲಿತು, ಬಟ್ಟಲು ಜಾರಿತು, ಅವಳಮ್ಮ ಅಯ್ಯೋ ಅನ್ನುವಷ್ಟರಲ್ಲಿ ಹುಡುಗಿಯ ಎಡಗಾಲು ತಾನಾಗಿ ಚಪ್ಪಲಿ ಬಿಟ್ಟು ಮೇಲೆ ಬಂತು, ಬಟ್ಟಲಿನ ಜೊತೆಗೇ ಮೆತ್ತಗೆ ಕೆಳಗಿಳಿಯಿತು, ನೆಲಕ್ಕೆ ಒಂದು ಬೆರಳಿನಷ್ಟು ಮೇಲೆ ನಿಂತಿತು, ಹಿಡಿದ್ಳೂ! ಕೂಗಿದ್ದು ಇದ್ರಿಸ್, ಸೋಫಾ ಬಿಟ್ಟು ಎದ್ದೇ ಬಿಟ್ಟಿದ್ದಾನೆ, ಪಂದ್ಯ ನೋಡುವವರ ಹಾಗೆ ಎರಡೂ ಕೈ ಮೇಲೆ, ಇಳಿಸಲು ಗೊತ್ತಾಗುತ್ತಿಲ್ಲ, ಈಗ ನೀನು ಬಾಯಿ ಹಾಕಬೇಡ ಹುರಿಯೆ, ಅವನು ನೋಡಲಿ, ಪಾದದ ಮೇಲೆ ಬಟ್ಟಲು, ಪಾದ ಒಂದಿಷ್ಟೂ ಅಲುಗುತ್ತಿಲ್ಲ, ಅಪ್ಪ ನೋಡುತ್ತಿದ್ದಾನೆ, ಪಾದದ ಮೇಲೆ ಬಟ್ಟಲು, ಬಟ್ಟಲು—