ಮೋಟಾರ್ ಮೇಸ್ತ್ರಿ ಮತ್ತೆ ಕೆಲಸಕ್ಕೆ ಹೋದದ್ದು

"ಇನ್ನು ನೀವು ಕೆಲಸಕ್ಕೆ ಹೋಗಬಹುದು" ಎಂದು ಡಾಕ್ಟರು ಮೋಟಾರ್ ಮೇಸ್ತ್ರಿಗೆ ಹೇಳಿದರಲ್ಲ, ತೊಂದರೆ ಶುರುವಾದದ್ದೇ ಅಂದಿನಿಂದ. "ನಿಧಾನವಾಗಿ" ಎಂದೂ ಅವರು ಸೇರಿಸಿದ್ದರು. ಆ ಮಾತು ಮೇಸ್ತ್ರಿಯ ಕಿವಿಗೆ ಬೀಳಲಿಲ್ಲ. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಸುಟ್ಟ ಮೋಟಾರ್‌ಗಳಿಗೆ ಹೊಸ ತಂತಿ ಸುತ್ತಿ ಮತ್ತೆ ಓಡುವಂತೆ ಮಾಡುವುದು ಮೇಸ್ತ್ರಿಯ ಕೆಲಸ. ಇಪ್ಪತ್ತು ವರ್ಷದಿಂದ ಒಂದೇ ಅಂಗಡಿ, ಒಂದೇ ಬೆಂಚು. ಶ್ವಾಸಕೋಶದ ಸೋಂಕು ಅವರನ್ನು ನಾಲ್ಕು ತಿಂಗಳು ಮಲಗಿಸಿತ್ತು. ಅಂಗಡಿ ಯಜಮಾನರು ಒಳ್ಳೆಯವರೇ. ಆದರೂ, "ತಿಂಗಳ ಕೊನೆವರೆಗೂ ಕಾಯ್ತೀನಿ, ಆಮೇಲೆ ಬೆಂಚಿಗೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದು ಹೇಳಿ ಕಳುಹಿಸಿದ್ದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೋದ ಮೇಸ್ತ್ರಿ ಸಂಜೆ ಏಳಕ್ಕೆ ಮನೆಗೆ ಬಂದರು. ಪಂಪಿನ ಮೋಟಾರ್ ಒಂದನ್ನು ಒಬ್ಬರೇ ಎತ್ತಿ ಬೆಂಚಿನ ಮೇಲಿಟ್ಟರಂತೆ. "ನೋಡು, ಏನಾಗಿದೆ ನಂಗೆ? ಗುಂಡುಕಲ್ಲಿನ ಹಾಗಿದ್ದೀನಿ" ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿದರು. ಮಂಗಳವಾರ ಎದ್ದು ಹಲ್ಲುಜ್ಜುವುದಕ್ಕೂ ಆಗಲಿಲ್ಲ. ಬುಧವಾರವೂ ಅದೇ ಕಥೆ. ಗುರುವಾರ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿಬಂದು ಮಂಚದ ಮೇಲೆ ಕೂತರು.

"ಇನ್ನು ನನ್ನ ಕೈಲಾಗಲ್ಲ ಕಣೆ. ಬೆಂಚು ಬೇರೆಯವರಿಗೆ ಕೊಟ್ಟುಬಿಡಲಿ" ಎಂದರು. ಮದುವೆಯಾದ ಮೇಲೆ ಹೆಂಡತಿ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಅವತ್ತು ಸಂಜೆ ಪಕ್ಕದ ಮನೆಯ ನರ್ಸಮ್ಮ ಬಂದರು. ಓಣಿಯವರು ಅವರಿಗೆ 'ಯಾಕಮ್ಮ' ಎಂದು ಹೆಸರಿಟ್ಟಿದ್ದಾರೆ. ಸೊಳ್ಳೆ ಕಚ್ಚಿದರೂ "ನನಗೇ ಯಾಕೆ ಕಚ್ಚಿತು?" ಎಂದು ಕೇಳುವ ಜಾತಿ. ಜ್ವರ ನೋಡಿದರು, ಉಸಿರು ಎಣಿಸಿದರು, ಎದೆನೋವು ಇದೆಯೇ ಎಂದು ವಿಚಾರಿಸಿದರು. ಯಾವುದೂ ಇರಲಿಲ್ಲ.

"ಹಾಗಾದ್ರೆ ಯಾಕಣ್ಣ? ಸೋಮವಾರ ಇಡೀ ದಿನ ಚೆನ್ನಾಗಿದ್ದವರು ಮಂಗಳವಾರ ಯಾಕೆ ಬೀಳ್ಬೇಕು?"

"ಅದು ಗೊತ್ತಿದ್ರೆ ನಾನ್ಯಾಕಮ್ಮ ಹೀಗೆ ಕೂತಿರ್ತಿದ್ದೆ?"

ಬೀನ್ಸ್ ಸೋಸುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ಇನ್ನು ಅಂಗಡಿ ಸಹವಾಸವೇ ಬೇಡ. ಮನೇಲಿ ಮಲಗಿರಲಿ, ಸಾಕು."

"ಇರಲಿ ಅತ್ತಿಗೆ. ಅಣ್ಣನ್ನ ಒಂದು ಮಾತು ಕೇಳ್ಬೇಕು ಅಂತ ಹೋದ ವರ್ಷದಿಂದ ತಲೇಲಿ ಕೊರೀತಿದೆ. ಓಣಿಯ ನೀರಿನ ಮೋಟಾರ್ ಸುಟ್ಟಾಗ ಮೂರು ದಿನ ಇಟ್ಕೊಂಡಿದ್ರಲ್ಲ? ಎಲ್ಲರೂ ಬಿಂದಿಗೆ ಹಿಡ್ಕೊಂಡು ನಿಮಗೆ ಶಾಪ ಹಾಕ್ತಿದ್ರು. ತಂತಿ ಸುತ್ತೋಕೆ ಮೂರು ದಿನ ಯಾಕೆ ಬೇಕು?"

ಕೆಲಸದ ಮಾತು ಬಂದಿದ್ದೇ ತಡ, ಮೇಸ್ತ್ರಿಯ ಬೆನ್ನು ನೆಟ್ಟಗಾಯಿತು. "ಸುತ್ತೋದು ಒಂದು ದಿನ. ವಾರ್ನಿಷ್ ಕುಡಿಸಿ ಒಣಗಿಸೋಕೆ ಇನ್ನೊಂದು ದಿನ. ಆಮೇಲೆ ಅದನ್ನ ಖಾಲಿ ಓಡಿಸ್ಬೇಕು. ಪಂಪಿಗೆ ಸೇರಿಸೋ ಹಾಗಿಲ್ಲ. ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಅಂಗೈ ಇಟ್ಟು ನೋಡ್ಬೇಕು. ತಣ್ಣಗಿದ್ರೆ ಅರ್ಧ ಲೋಡು. ಮತ್ತೆ ಕೈ ಇಟ್ಟು ನೋಡಿ, ಆಮೇಲೆ ಪೂರ್ತಿ."

"ಸ್ವಲ್ಪ ಹೊತ್ತು ಯಾಕೆ ಬಿಡೋದು? ಓಡ್ತಿರುವಾಗಲೇ ಮುಟ್ಟಿ ನೋಡಿದ್ರೆ?"

"ಮುಟ್ಟಬಹುದು, ಆದ್ರೆ ನಂಬೋ ಹಾಗಿಲ್ಲ. ಬಿಸಿ ಇರೋದು ಒಳಗಿನ ತಂತೀಲಿ. ಅದು ಹೊರಗಿನ ಮೈಗೆ ಬರೋಕೆ ಹೊತ್ತು ಹಿಡಿಯುತ್ತೆ."

ಬೀನ್ಸ್ ಸೋಸುವ ಕೈ ನಿಂತಿತು. "ಮತ್ತೆ ನೀವು ಸೋಮವಾರ ಓಡ್ತಿದ್ದಾಗ ತಣ್ಣಗೇ ಇದ್ರಿ" ಎಂದರು ಹೆಂಡತಿ. "ಬಿಸಿ ಮಂಗಳವಾರ ಬಂತು."

ಇಪ್ಪತ್ತು ವರ್ಷ ಒಂದು ಮೋಟಾರಿಗೂ ಮಾಡದ ಅನ್ಯಾಯವನ್ನು ಮೇಸ್ತ್ರಿ ತಮ್ಮ ಮೈಗೆ ಮಾಡಿಕೊಂಡಿದ್ದರು.

"ಅತ್ತಿಗೆ ಸರಿಯಾಗಿ ಹೇಳಿದ್ರು" ಎಂದರು ನರ್ಸಮ್ಮ. "ದೊಡ್ಡ ಕಾಯಿಲೆ ಆದ್ಮೇಲೆ ತುಂಬ ಜನಕ್ಕೆ ದಣಿವು ಅವತ್ತೇ ಗೊತ್ತಾಗಲ್ಲ. ಮಾರನೇ ದಿನ ಗೊತ್ತಾಗುತ್ತೆ. ಹಾಗಂತ ಮಲಗಿಸಿಟ್ರೂ ಕೆಲಸ ಕೆಡುತ್ತೆ. ಮೋಟಾರ್‌ನ ವರ್ಷಗಟ್ಟಲೆ ಮೂಲೇಲಿ ಇಟ್ರೆ ಏನಾಗುತ್ತಣ್ಣ?"

"ಬೇರಿಂಗ್ ಹಿಡ್ಕೊಂಡುಬಿಡುತ್ತೆ, ತಿರುಗೋದೇ ಇಲ್ಲ" ಎಂದು ಮೇಸ್ತ್ರಿ ಹೆಂಡತಿಯ ಕಡೆ ನೋಡಿದರು. ಹೆಂಡತಿ ಬೀನ್ಸ್ ತಟ್ಟೆಯನ್ನು ಬದಿಗಿಟ್ಟರು.

ಮಾರನೆಯ ವಾರ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಬಳಿ ಹೋದರು. ಮೊದಲು ದಿನಕ್ಕೆ ಎರಡು ಗಂಟೆ, ಅದೂ ಕೂತು ಮಾಡುವ ಕೆಲಸ. ಭಾರ ಎತ್ತುವಂತಿಲ್ಲ. ಸುಸ್ತಾಗುವ ಮೊದಲೇ ವಿಶ್ರಾಂತಿ. ಉಸಿರುಗಟ್ಟಿದರೆ, ಎದೆ ನೋವಾದರೆ, ಜ್ವರ ಬಂದರೆ ಕೆಲಸ ಬಿಟ್ಟು ನೇರ ಆಸ್ಪತ್ರೆಗೆ. ಇದಿಷ್ಟನ್ನೂ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು.

ಯಜಮಾನರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಎರಡು ಗಂಟೆಯಲ್ಲಿ ಏನು ಕಡಿದು ಕಟ್ಟೆ ಹಾಕ್ತೀರಿ ಮೇಸ್ತ್ರಿ? ಬಂದ್ರೆ ಪೂರ್ತಿ ಬನ್ನಿ."

"ರಿಪೇರಿ ಆದ ಮೋಟಾರ್‌ಗೆ ಮೊದಲ ದಿನವೇ ಪೂರ್ತಿ ಲೋಡ್ ಕೊಡ್ತೀರಾ ಯಜಮಾನ್ರೇ?"

ಮೂಲೆಯಲ್ಲಿ ತೊಂದರೆ ಏನೆಂದು ಯಾರಿಗೂ ಗೊತ್ತಾಗದ ಒಂದು ಮೋಟಾರ್ ವಾರದಿಂದ ಕೂತಿತ್ತು. ಯಜಮಾನರು ಅದರತ್ತ ಕೈ ತೋರಿಸಿದರು. ಮೇಸ್ತ್ರಿ ಸ್ಟೂಲ್ ಎಳೆದುಕೊಂಡು ಕೂತರು, ಓಡಿಸಿ ಸದ್ದು ಕೇಳಿದರು, ಬಿಚ್ಚಿಸಿದರು. ಗಂಟೆಯೊಳಗೆ ಒಂದು ಸಡಿಲ ಜಾಯಿಂಟ್ ಸಿಕ್ಕಿತು. "ಆಯ್ತು ಮಾರಾಯ್ರೆ, ಎರಡೇ ಗಂಟೆ ಬನ್ನಿ. ಬೆಂಚು ನಿಮ್ಮದೇ" ಎಂದರು ಯಜಮಾನರು. ಎತ್ತುವ ಕೆಲಸ ಬೇರೆಯವರ ಪಾಲಿಗೆ ಹೋಯಿತು.

ಮನೆಯ ಕಪಾಟಿನ ಬಾಗಿಲ ಹಿಂದೆ ಮೇಸ್ತ್ರಿ ಸೀಮೆಸುಣ್ಣದಲ್ಲಿ ಬರೆಯತೊಡಗಿದರು. ಇವತ್ತು ಎಷ್ಟು ಗಂಟೆ ದುಡಿದೆ, ಮಾರನೆಯ ಬೆಳಿಗ್ಗೆ ಮೈ ಹೇಗಿತ್ತು. ನಾಲ್ಕೈದು ಬೆಳಿಗ್ಗೆ 'ಹಗುರ' ಎಂದು ಬಿದ್ದ ಮೇಲೆಯೇ ಅರ್ಧ ಗಂಟೆ ಹೆಚ್ಚಿಸುವುದು. ಮೂರನೆಯ ವಾರ ಹಳೆಯ ಚಾಳಿ ಎದ್ದಿತು. ಒಂದು ದಿನ ಐದು ಗಂಟೆ ದುಡಿದರು. ಮಾರನೆಯ ಬೆಳಿಗ್ಗೆ 'ಭಾರ' ಎಂದು ಬರೆಯುವಾಗ ಹೆಂಡತಿ ಬೈಯಲಿಲ್ಲ. "ಪರವಾಗಿಲ್ಲ, ಇವತ್ತು ಸುಧಾರಿಸ್ಕೊಳ್ಳಿ, ನಾಳೆ ಮತ್ತೆ ಎರಡಕ್ಕೆ ಇಳಿಸಿ" ಎಂದರಷ್ಟೇ. ಇನ್ನು ಮಲಗಿಯೇ ಇರಿ ಎಂದು ಆಕೆ ಹೇಳಲಿಲ್ಲವಲ್ಲ, ಮೇಸ್ತ್ರಿಗೆ ಅದೇ ದೊಡ್ಡ ಔಷಧಿಯಾಯಿತು.

ಮೂರು ತಿಂಗಳಾದ ಮೇಲೆ ಒಂದು ಸಂಜೆ. ಮೇಸ್ತ್ರಿ ಮೊದಲ ಬಾರಿ ಪೂರ್ತಿ ದಿನ ದುಡಿದಿದ್ದರು. ಅಂಗಡಿ ಬಾಗಿಲು ಎಳೆಯುತ್ತಾ ಯಜಮಾನರು ಕೇಳಿದರು, "ಹೇಗಿದೆ ಮೇಸ್ತ್ರಿ ಮೈಯಿ?"

"ನಾಳೆ ಬೆಳಿಗ್ಗೆ ಹೇಳ್ತೀನಿ" ಎಂದರು ಮೇಸ್ತ್ರಿ.

ಬೆಳಿಗ್ಗೆ ಕಪಾಟಿನ ಬಾಗಿಲ ಹಿಂದೆ ಬಿದ್ದದ್ದು 'ಹಗುರ'. ಹೇಳಿದ್ದು ಮೇಸ್ತ್ರಿ, ಬರೆದದ್ದು ಹೆಂಡತಿ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಕಾಯಿಲೆಯಿಂದ ಎದ್ದವರು ಚಪ್ಪಲಿ ಹುಡುಕುತ್ತಿದ್ದಾರೆಯೇ? ತಡೆಯಬೇಡಿ, ದೂಡಲೂಬೇಡಿ. ಡಾಕ್ಟರನ್ನು ಕೇಳಿ, ಕೆಲಸ ಕೊಡುವವರ ಜೊತೆ ಮಾತಾಡಿ, ಸ್ವಲ್ಪದಿಂದ ಶುರುಮಾಡಿ. ನೀವೇ ಕೆಲಸ ಕೊಡುವವರಾಗಿದ್ದರೆ ಆ ಎರಡು ಗಂಟೆಗೆ ಜಾಗ ಬಿಡಿ. ಸಂಜೆ "ಹೇಗಿದ್ದೀಯ?" ಎಂದು ಕೇಳಿ, ಸಂತೋಷ. ಮಾರನೆಯ ಬೆಳಿಗ್ಗೆ ಮತ್ತೊಮ್ಮೆ ಕೇಳುವುದನ್ನು ಮಾತ್ರ ಮರೆಯಬೇಡಿ.