ಜೋಮು ಹಿಡಿದ ಕಾಲಿಗೆ ಬಿಸಿ ಇಟ್ಟಂಗಿ ಬೇಡ

ದಾಮರಗಿದ್ದದ ಆಚೆಯ ಹಳ್ಳಿಯೊಂದರಲ್ಲಿ ಕಿಷ್ಟಪ್ಪ ಎಂಬ ಕುರಿಗಾರನಿದ್ದ. ಹಿಂಡಿನ ಹಿಂದೆ ನಡೆದು ನಡೆದೇ ಕೂದಲು ನೆರೆಸಿಕೊಂಡ ಮನುಷ್ಯ. ಅಂಥವನಿಗೆ ಈಚೆಗೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಕೋಲು ಊರಿ ನಿಂತರೆ ನೋವು ಇಳಿಯುತ್ತಿತ್ತು, ನಡೆದರೆ ಮತ್ತೆ ಹಿಡಿಯುತ್ತಿತ್ತು. ಅವನು ನಿಂತರೆ ಕುರಿ ನಿಲ್ಲುತ್ತವೆಯೇ? ಒಂದು ದಿನ ಹಿಂಡು ಪಕ್ಕದವರ ಹತ್ತಿ ಹೊಲಕ್ಕೆ ನುಗ್ಗಿತು. ಬೈಗುಳ ತಿಂದು ಮನೆಗೆ ಬಂದವನು ಹೆಂಡತಿ ತಿರುಪತಮ್ಮನಿಗೆ ಹೇಳಿದ:

"ಇನ್ನ ನನ್ನ ಕೈಲಿ ಆಗಂಗಿಲ್ಲ. ಕುರಿ ಮಾರಿಬಿಡಾನು."

ಕುರಿಗಳಿಲ್ಲದ ಗಂಡನನ್ನು ತಿರುಪತಮ್ಮ ಕಂಡವಳೇ ಅಲ್ಲ. "ಅಂಥಾ ಮಾತು ಆಡಬ್ಯಾಡ್ರಿ. ಕಾಲಿಗೆ ಥಂಡಿ ಹಿಡದೈತಿ, ಕಾಸಿದ್ರ ಬಿಡತೈತಿ" ಎಂದು ಒಲೆಯಲ್ಲಿ ಇಟ್ಟಂಗಿ ಕಾಯಿಸಿ, ಬಟ್ಟೆ ಸುತ್ತಿ ಪಾದಕ್ಕೆ ಒತ್ತಿದಳು. ಅವಳ ತಾಯಿಯೂ ಹಾಗೆಯೇ ಮಾಡುತ್ತಿದ್ದಳು.

"ಸುಡತೈತೇನ್ರಿ?"

"ಏನೂ ಗೊತ್ತಾಗವಲ್ದು. ಇನ್ನಷ್ಟು ಒತ್ತು."

ಬೆಳಿಗ್ಗೆ ನೋಡಿದರೆ ಹಿಮ್ಮಡಿಯಲ್ಲಿ ದೊಡ್ಡ ಗುಳ್ಳೆ. ಅದು ಒಡೆದು ಗಾಯವಾಯಿತು. ತಿರುಪತಮ್ಮ ಅರಿಶಿನ ಹಚ್ಚಿದಳು, ಸೊಪ್ಪು ಅರೆದು ಕಟ್ಟಿದಳು. ಗಾಯ ಒಣಗಲಿಲ್ಲ.

ಪಕ್ಕದ ಮನೆಯ ಸರಿತಾ ಊರಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್. ಮಜ್ಜಿಗೆಗೆಂದು ಬಂದವಳು ಕಿಷ್ಟಪ್ಪನ ಕಾಲಿಗೆ ಕಟ್ಟಿದ ಬಟ್ಟೆ ನೋಡಿ ಅಲ್ಲೇ ಕೂತಳು. ಒಂದೊಂದು ಪಾದದ ಮೇಲೂ ಬೆರಳಿಟ್ಟು ನಾಡಿ ಹುಡುಕಿದಳು. ಬಲಪಾದ ತಣ್ಣಗಿತ್ತು. ಅದರಲ್ಲಿ ನಾಡಿ ಸಿಗಲಿಲ್ಲ.

"ಅತ್ತಿ, ಮಾವನ ಕಾಲಿಗೆ ರಕ್ತ ಸರಿಯಾಗಿ ಇಳೀವಲ್ದು ಅನಿಸತೈತಿ."

"ರಕ್ತ ಇಲ್ದ ಮನಷ್ಯಾ ಬದುಕತಾನೇನವ್ವ? ವಯಸ್ಸಾದ ಮ್ಯಾಲೆ ಕಾಲು ನೋಯ್ತಾವ" ಎಂದಳು ತಿರುಪತಮ್ಮ.

"ಬೋರಿನ ಪೈಪಿನ್ಯಾಗ ಉಪ್ಪು ಕಟ್ಟಿದ್ರ ನೀರು ಸಣ್ಣಗ ಬರತೈತಲ್ಲ, ಹಂಗ ಇದು. ನಡಿಯಾಕ ಕಾಲಿಗೆ ಜಾಸ್ತಿ ರಕ್ತ ಬೇಕು. ಸಿಗಲಿಲ್ಲಂದ್ರ ನೋಯತೈತಿ. ಮಾವ, ಬೀಡಿ ಎಷ್ಟು ಸೇದ್ತೀರಿ?"

ಕಿಷ್ಟಪ್ಪ ಕುರಿದೊಡ್ಡಿಯ ಕಡೆ ಮುಖ ತಿರುಗಿಸಿದ. ಉತ್ತರ ಕೊಟ್ಟವಳು ಹೆಂಡತಿ: "ಒಂದು ಆರೂದ್ರೊಳಗ ಇನ್ನೊಂದು ಹೊತ್ತತೈತಿ."

"ಅದ ಮೊದಲನೇ ವೈರಿ. ಶುಗರ್, ಬಿಪಿ ಇದ್ರೂ ಹಿಂಗ ಆಗತೈತಿ. ಅತ್ತಿ, ಜೋಮು ಹಿಡಿದ ಕಾಲಿಗೆ ಬಿಸಿ ತಿಳಿಯಂಗಿಲ್ಲ. ಅದಕ್ಕ ಸುಟ್ಟೈತಿ."

ತಿರುಪತಮ್ಮನ ದನಿ ಇಳಿಯಿತು. "ಹಂಗಾದ್ರ ನಾನ ಸುಟ್ಟೆನೇನವ್ವ?"

"ನೀವು ಒಳ್ಳೇದಾಗಲಿ ಅಂತ ಮಾಡೀರಿ. ಆದ್ರ ಇವತ್ತ ನಾರಾಯಣಪೇಟ ದವಾಖಾನಿಗೆ ಕರಕೊಂಡು ಹೋಗ್ರಿ. ತಡ ಮಾಡಿದ್ರ ಕಾಲ ಹೋಗೋದೂ ಐತಿ."

ಹಿಂಡನ್ನು ಕಿಷ್ಟಪ್ಪನ ತಮ್ಮ ಬಾಲರಾಜನಿಗೆ ಒಪ್ಪಿಸಿ ಗಂಡ ಹೆಂಡತಿ ಬಸ್ಸು ಹತ್ತಿದರು. ದವಾಖಾನೆಯಲ್ಲಿ ಪರೀಕ್ಷೆಗಳಾದವು. ಸರಿತಾಳ ಮಾತು ನಿಜವಾಗಿತ್ತು. ರಕ್ತನಾಳ ಕಿರಿದಾಗಿತ್ತು, ಶುಗರೂ ಇತ್ತು. ಆದರೆ ಕಾಲು ಉಳಿಸಿಕೊಳ್ಳಬಹುದು ಎಂದರು ಡಾಕ್ಟರ್. ಗಾಯಕ್ಕೆ ಪಟ್ಟಿ ಕಟ್ಟಿ, ಮಾತ್ರೆ ಕೊಟ್ಟರು. ಬೀಡಿ ಪೂರ್ತಿ ಬಿಡಬೇಕು ಎಂದರು. ಗಾಯ ಮಾಯ್ದ ಮೇಲೆ ದಿನಾ ನಡೆಯಬೇಕು, ನೋವು ಜೋರಾದರೆ ನಿಲ್ಲಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು ಎಂದೂ ಹೇಳಿದರು.

ಮನೆಗೆ ಬಂದ ತಿರುಪತಮ್ಮ ಸರಿತಾಳನ್ನು ಹಿಡಿದು ನಿಲ್ಲಿಸಿದಳು. "ನೋಯೋ ಕಾಲಿಲೆ ನಡೀಬೇಕಂತ! ಇದೆಂಥಾ ಔಷಧಾನವ್ವ?"

"ದೊಡ್ಡ ರಸ್ತೆ ಬಂದ್ ಆದ್ರ ಜನ ಓಣಿ ಹಿಡದು ಹೋಗ್ತಾರಲ್ಲ ಅತ್ತಿ? ನಡದಂಗ ನಡದಂಗ ರಕ್ತಾನೂ ಸಣ್ಣ ದಾರಿ ಹುಡುಕ್ಕೊಂತೈತಿ."

ಬೀಡಿ ಬಿಡುವುದು ಸುಲಭವಾಗಲಿಲ್ಲ. ಕಿಷ್ಟಪ್ಪ ಸಿಡಿಮಿಡಿಗೊಂಡ, ಊಟದ ಮೇಲೆ ಮುನಿದ. ಒಂದು ಸಂಜೆ ಅವನ ಕಂಬಳಿಯಲ್ಲಿ ಬೀಡಿ ವಾಸನೆ ಬಂತು. ತಿರುಪತಮ್ಮ ಜಗಳ ಮಾಡಲಿಲ್ಲ. ಅವನ ಪಾದ ತೊಳೆಯುತ್ತಾ, "ಈ ಕಾಲು ತೊಳಿಯಾಕ ನನಗ ಬ್ಯಾಸರಿಲ್ರಿ. ಆದ್ರ ತೊಳಿಯಾಕ ಕಾಲು ಇರಬೇಕಲ್ರಿ" ಎಂದಳು. ಕಿಷ್ಟಪ್ಪ ಸೊಂಟದಲ್ಲಿ ಸಿಕ್ಕಿಸಿದ್ದ ಬೀಡಿ ಕಟ್ಟನ್ನು ತೆಗೆದು ಒಲೆಗೆ ಹಾಕಿದ.

ಮಳೆಗಾಲ ಕಳೆಯುವ ಹೊತ್ತಿಗೆ ಗಾಯ ಮುಚ್ಚಿತ್ತು. ಕಿಷ್ಟಪ್ಪ ಮೊದಲು ಮನೆಯಂಗಳದಲ್ಲಿ ನಡೆದ, ಆಮೇಲೆ ಬೀರಪ್ಪನ ಗುಡಿಯವರೆಗೆ, ಆಮೇಲೆ ಹಿಂಡಿನ ಜೊತೆ. ಒಂದು ದಿನ ಬುತ್ತಿ ಕಟ್ಟಿಕೊಂಡು ಹೊರಟ ತಿರುಪತಮ್ಮನಿಗೆ ಗಂಡ ಬಲು ಮುಂದೆ, ದಿಬ್ಬ ಏರುತ್ತಿರುವುದು ಕಂಡಿತು. ಏದುಸಿರು ಬಿಡುತ್ತಾ ಕೂಗಿದಳು: "ನಿಲ್ರೀ! ನಿಮ್ಮ ಸಮ ನಡಿಯಾಕ ನನಗ ಆಗವಲ್ದು!"

ಅಕ್ಕಂದಿರೇ, ಅಣ್ಣಂದಿರೇ, ನಡೆದಾಗ ಮೀನಖಂಡ ಹಿಡಿದು ನಿಂತಾಗ ಬಿಡುತ್ತಿದ್ದರೆ, ಪಾದ ತಣ್ಣಗಾಗಿ ಜೋಮು ಹಿಡಿಯುತ್ತಿದ್ದರೆ, ವಯಸ್ಸಿನ ನೋವೆಂದು ಸುಮ್ಮನಿರಬೇಡಿ. ಒಮ್ಮೆ ಪರೀಕ್ಷೆ ಮಾಡಿಸಿ. ಪಾದದ ಗಾಯ ಮಾಯದಿದ್ದರೆ, ಬೆರಳು ಕಪ್ಪಾದರೆ, ಒಮ್ಮೆಲೇ ಕಾಲು ತಣ್ಣಗಾಗಿ ವಿಪರೀತ ನೋಯತೊಡಗಿದರೆ ಆ ಕ್ಷಣವೇ ದವಾಖಾನೆಗೆ ಹೊರಡಿ. ಮನೆಯಲ್ಲಿ ಮಾಡಬೇಕಾದದ್ದೂ ಇದೆ. ಬೀಡಿ, ತಂಬಾಕು ಬಿಡಿ. ಡಾಕ್ಟರ್ ಹೇಳಿದಷ್ಟು ನಡೆಯಿರಿ. ಉಗುರು ಬೆಚ್ಚಗಿನ ನೀರನ್ನು ಕೈಯಲ್ಲಿ ಮುಟ್ಟಿ ನೋಡಿ ಪಾದ ತೊಳೆಯಿರಿ, ಬೆರಳ ಸಂದು ಒರೆಸಿ, ಚಪ್ಪಲಿ ಇಲ್ಲದೆ ಹೊರಗೆ ಕಾಲಿಡಬೇಡಿ. ಇವತ್ತು ಸಂಜೆ ಮನೆಯ ಹಿರಿಯರ ಪಾದವನ್ನು ನಿಮ್ಮ ಕೈಯಲ್ಲಿ ಹಿಡಿದು ಒಮ್ಮೆ ನೋಡಿ. ನಿಮ್ಮನ್ನು ಹೆಗಲ ಮೇಲೆ ಹೊತ್ತು ತಿರುಗಿದ ಕಾಲುಗಳು ಅವು.